ಕುಣಿಯೊಳಗಿನ ಬಂಡೆ

ಮನೆ ಮುಂದೆ ರಸ್ತೆ ಅಗೆಯುವವರ ಹಾರೆ ಕರಿಗಲ್ಲಿಗೆ ಬಡಿದು ಆ ಸುಟ್ಟ ವಾಸನೆ ಎದ್ದರೆ ಈಗಲೂ ನಾನು ಕಿಟಕಿ ಮುಚ್ಚುತ್ತೇನೆ.

ಆಗಿನ್ನೂ ಸಂಸ್ಥಾನದ ಕಾಲ. ಅವ್ವ ಮಿರಜದ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದಳು. ನಮ್ಮ ಲಿಂಗಾಯತರ ಪದ್ಧತಿಯಂತೆ ಅವಳನ್ನು ಕೂರಿಸಿ ಮಣ್ಣು ಮಾಡಲು ನಮ್ಮೂರು ಖಂಡೇರಾಜುರಿಯಲ್ಲಿ ನಮ್ಮ ಹೊಲದೊಳಗೆ ಕುಣಿ ತೋಡುತ್ತಿದ್ದರು. ಸೊಂಟದುದ್ದ ಕರಿಮಣ್ಣು ತೆಗೆದ ಮೇಲೆ ಬಂಡೆ ಹತ್ತಿತು. ಹಾರೆ ಬಿದ್ದಲ್ಲೆಲ್ಲ ಕಿಡಿ ಹಾರಿ ಸುಟ್ಟ ವಾಸನೆ ಎದ್ದಿತು. ಎಲ್ಲರ ಕಣ್ಣೂ ಕುಣಿಯ ಮೇಲೆ. ನನ್ನ ಕೈಯನ್ನು ಯಾರೂ ಹಿಡಿದಿರಲಿಲ್ಲ.

ಈ ಕಲ್ಲೆಲ್ಲ ಒಂದು ಕಾಲಕ್ಕೆ ನೆಲ ಸೀಳಿ ಉಕ್ಕಿ ಹರಿದ ಬೆಂಕಿ, ಅದೇ ಸವೆದು ನಮ್ಮ ಕರಿಮಣ್ಣಾಯಿತು ಎಂದು ಶಾಲೆಯಲ್ಲಿ ಮಾಸ್ತರರು ಹೇಳಿದ್ದರು.

“ಕಾಕಾ, ಅವ್ವನ್ನ ಅಲ್ಲಿ ಕುಂದ್ರಸಬ್ಯಾಡ್ರಿ. ಸುಡತೈತಿ,” ಎಂದೆ.

ಅಪ್ಪನ ತಮ್ಮ ಕಾಕಾ ಕುಣಿಗಿಳಿದು, ಬಂಡೆಯ ಮೇಲೆ ಅಂಗೈ ಊರಿ ಬಹಳ ಹೊತ್ತು ಕೂತರು.

“ಬೆಂಕಿ ಯಾವಾಗೋ ಆರಿ ಹೋಗೇತಿ, ಮಗಾ. ತಣ್ಣಗ ಐತಿ.”

ತಣ್ಣನೆಯ ನೆಲದ ಮೇಲೆ ಕೂತರೆ ಅವ್ವನಿಗೆ ಮೊಣಕಾಲು ನೋಯುತ್ತಿತ್ತು.