ಮಾನಿಟರಿಗೆ ಕೂಡದ ಹಳದಿ ಪಿನ್

೨೦೦೨ರ ಮೇ, ಭಾನುವಾರ, ಮಧ್ಯಾಹ್ನ ಮೂರು ಗಂಟೆ. ವೈರು ಸುಟ್ಟ ವಾಸನೆ ಬಂದರೆ ಇಂದಿಗೂ ಪುಣೆಯ ಕೋಥರೂಡದ ಆ ಹೊತ್ತು ನೆನಪಾಗುತ್ತದೆ.

ಅಕ್ಕ ಹತ್ತನೇ ಕ್ಲಾಸಿಗೆ ಬಂದಳೆಂದು ನಮ್ಮ ಮನೆಯಲ್ಲಿ ಟಿವಿ ಬಂದ್ ಆಗಿತ್ತು. ಹಳದಿ ಪಿನ್ನಿನಿಂದ ಟಿವಿಗೆ ಚುಚ್ಚಿ ಆಡುವ ನನ್ನ ವಿಡಿಯೊ ಗೇಮನ್ನು ಕಂಪ್ಯೂಟರಿಗೆ ಜೋಡಿಸಿಕೊಡುತ್ತೇನೆಂದು ಕಾಕಾ ಒಯ್ದಿದ್ದರು. ಅಂದು ನಮ್ಮ ಮನೆಗೆ ಬಂದು ಸುಟ್ಟ ವೈರೊಂದನ್ನು ನನ್ನ ಮೂಗಿಗೆ ಹಿಡಿದು, "ಹಳದಿ ಪಿನ್ ಮಾನಿಟರಿಗೆ ಕೂಡೂದಿಲ್ಲೋ. ನಿನ್ನ ಡಬ್ಬಿ ಸುಟ್ಟು ಹೋತು," ಎಂದರು. ಶೇಂಗಾ ಆರಿಸುತ್ತಿದ್ದ ಅವ್ವ ತಲೆ ಎತ್ತಲಿಲ್ಲ.

ಸಂಜೆ ಕಾಕಾರ ಮನೆಗೆ ಹೋದರೆ ಅವರ ಮಗ ಟಿವಿ ಮುಂದೆ ನನ್ನದೇ ಗೇಮ್ ಆಡುತ್ತಿದ್ದ. "ನಿಮ್ಮವ್ವನೇ ಕೊಟ್ಟಾಳಲ್ಲೋ. ನಿನಗ ಬ್ಯಾಡಂತಲ್ಲ?" ಎಂದ.

ಅವ್ವನನ್ನು ನಾನು ಈವರೆಗೆ ಕೇಳಿಲ್ಲ. ಹಳದಿ ಪಿನ್ ಆಗಿನ ಮಾನಿಟರಿಗೆ ನಿಜವಾಗಿಯೂ ಕೂಡುತ್ತಿರಲಿಲ್ಲವೇ? ಬಲ್ಲವರು ಬರೆದು ತಿಳಿಸಿ. ಅಷ್ಟಾದರೂ ಸುಳ್ಳಾಗದಿರಲಿ.