ಬೆನ್ನಿನ ಅಳತೆ

ದೋಣಿಯ ಆಸನಕ್ಕೆ ಸಿಕ್ಕಿಸಿದ್ದ ಆ ಒರಗುಹಲಗೆ ತನ್ನದಲ್ಲ ಎಂದು ಕುಳಿತ ಕ್ಷಣವೇ ಅವಳಿಗೆ ತಿಳಿಯಿತು.

ದೋಣಿ ರಿಪೇರಿ ಅಂಗಡಿಯ ಅಂಗಳದಲ್ಲಿ ಆ ಹಳೆಯ ಮರದ ದೋಣಿ ದಿಮ್ಮಿಗಳ ಮೇಲೆ ನಿಂತಿತ್ತು. ಕೊಳೆತ ಹಲಗೆ ಕಿತ್ತು ಹೊಸದು ಕೂಡಿಸಿದವನು ಅಂಗಡಿಯ ಯಜಮಾನ, ಅವನು. ಉಪ್ಪುಕಾಗದ ಉಜ್ಜಿ, ಪದರದ ಮೇಲೆ ಪದರ ವಾರ್ನಿಷ್ ಎಳೆದವಳು ಅವಳು. ಇದು ಗಿರಾಕಿಯದಲ್ಲ, ನಮ್ಮದು ಎಂದಿದ್ದ. ನೀರಿಗಿಳಿಯುವ ದಿನ ಮುಂದಿನ ಆಸನ ಅವಳದು. ಆಮೇಲೆ ಆಚೆ ದಡ, ಅಲ್ಲೊಂದು ಪುಟ್ಟ ಮನೆ, ಇಬ್ಬರೇ.

ಆಸನದ ಹಿಂದೆ ಎರಡು ಸೀಳು. ಒರಗನ್ನು ಅವುಗಳಲ್ಲಿ ಸಿಕ್ಕಿಸಬಹುದು, ಬೇಡವಾದರೆ ಎತ್ತಿಡಬಹುದು. ಗಿರಾಕಿಗಳಿಗೆಲ್ಲ ಒಂದೇ ಅಚ್ಚು. ತನಗೆ ಬೇಕಾದವರಿಗೆ ಮಾಡುವಾಗ ಮಾತ್ರ ಅವನು ಟೇಪು ಮುಟ್ಟುತ್ತಿರಲಿಲ್ಲ. ಅಂಗೈಯನ್ನು ಬೆನ್ನಿನುದ್ದಕ್ಕೂ ಇಳಿಸಿ, ಆ ಬಳುಕನ್ನೇ ಮರದಲ್ಲಿ ಕೆತ್ತುತ್ತಿದ್ದ. ಟೇಪು ಉದ್ದ ಹೇಳುತ್ತೆ, ಬಳುಕು ಹೇಳಲ್ಲ ಎನ್ನುತ್ತಿದ್ದ. ಅವಳಿಗೂ ಹಿಂದೆ ಹಾಗೇ ಒಂದು ಮಾಡಿಕೊಟ್ಟಿದ್ದ.

ಇದು ಬೇರೆ ಬೆನ್ನು. ಗಿಡ್ಡ, ಎಡಕ್ಕೆ ವಾಲಿದ್ದು. ಸೊಂಟದ ಬಳಿಯ ಗುಳಿಯ ನಯ ನೋಡಿದರೆ, ಕೈ ಅಲ್ಲಿ ಬಹಳ ಹೊತ್ತು ನಿಂತಿರಬೇಕು.

ಮಧ್ಯಾಹ್ನ ತಾನು ತಂದ ಡಬ್ಬಿ ಬಿಚ್ಚಿ ಬಡಿಸುತ್ತ, ಆ ಒರಗು ಯಾರದೆಂದು ಕೇಳಿದಳು. ಗಿರಾಕಿಯದು ಎಂದ.

"ಗಿರಾಕಿ ಬೆನ್ನೂ ಸವರ್ತೀಯಾ ಈಗ?"

"ನಿಂಗೆ ಎಲ್ಲದ್ರಲ್ಲೂ ಅನುಮಾನ. ನಿನ್ನ ಬಿಟ್ಟು ಇನ್ನೊಬ್ಬಳನ್ನ ಮುಟ್ಟಿಲ್ಲ, ಮುಟ್ಟೋದೂ ಇಲ್ಲ. ಸಾಕಾ?"

ಆಣೆ ಹೊಸದಲ್ಲ. ನಂಬುವುದೂ ಒಂದು ಅಭ್ಯಾಸ, ಅವಳಿಗದು ಮೈಗೂಡಿತ್ತು. ದೋಣಿಗೆ ಎರಡು ಹುಟ್ಟು ಇದ್ದ ಹಾಗೆ ಅಂಗಡಿಗೆ ನೀವಿಬ್ಬರು ಎಂದು ಪಕ್ಕದ ಕಮ್ಮಾರ ಛೇಡಿಸಿದಾಗ ಅವಳು ಕೆಂಪಾಗುತ್ತಿದ್ದಳು, ಅವನು ಬಾಗಿಲ ಕಡೆ ನೋಡುತ್ತಿದ್ದ. ಭಾನುವಾರ ಅಂಗಡಿಗೆ ಬೀಗ. ಆ ದಿನ ಅವಳಿಗೆ ಯಾವಾಗಲೂ ಉದ್ದ.

ಅವನು ತಿರುಪು ತರಲು ಪೇಟೆಗೆ ಹೋದಾಗ ಆ ಹೆಂಗಸು ಬಂದಳು. ಗಿಡ್ಡ ಆಳು. ಎಡಕ್ಕೆ ವಾಲಿ ನಡೆಯುತ್ತಿದ್ದಳು. ಯಾರನ್ನೂ ಕೇಳದೆ ದೋಣಿ ಹತ್ತಿ, ಮುಂದಿನ ಆಸನದಲ್ಲಿ ಕುಳಿತು ಹಿಂದಕ್ಕೊರಗಿದಳು. ಬೆನ್ನಿಗೂ ಮರಕ್ಕೂ ನಡುವೆ ಕೂದಲೆಳೆ ಜಾಗ ಉಳಿಯಲಿಲ್ಲ.

ವಾರ್ನಿಷ್ ಬ್ರಷ್ ಹಿಡಿದು ನಿಂತಿದ್ದ ಅವಳ ಬಾಯಿಯಲ್ಲಿ ಬೈಗುಳ ಸಾಲುಗಟ್ಟಿ ನಿಂತಿದ್ದವು. ಯಾವೋಳೇ ನೀನು ಎಂದು ಶುರುಮಾಡುವುದಷ್ಟೇ ಬಾಕಿ. ಅಷ್ಟರಲ್ಲಿ ಆ ಹೆಂಗಸು ಕಣ್ಮುಚ್ಚಿ, ನೋವು ಇಳಿದವರ ಹಾಗೆ ಉಸಿರು ಬಿಟ್ಟು ನಕ್ಕಳು.

"ವಾರ್ನಿಷ್ ಮಾಡೋರು ನೀವೇ ಅಲ್ವಾ? ಒಳ್ಳೆ ಕೆಲಸದವಳು ಸಿಕ್ಕಿದಾಳೆ ಅಂತ ಮನೇಲಿ ಹೇಳ್ತಿರ್ತಾರೆ. ನನ್ನ ಸೊಂಟನೋವಿಗೆ ಅಂತ, ಬೆನ್ನು ಸವರಿ ಸವರಿ ಅಳತೆ ತಗೊಂಡ್ರು ನೋಡಿ."

ಒಂದೇ ಸೂರಿನಡಿ ಪರಕೀಯರ ಹಾಗಿದ್ದೇವೆ, ಮುಖ ನೋಡಿ ಮಾತಾಡಿಯೇ ವರ್ಷಗಳಾದವು ಎಂದು ಅವನು ಹೇಳುತ್ತಿದ್ದ ಹೆಂಡತಿ ಇವಳೇ.