ಒಂಬತ್ತು ಸಾವಿರ ಡೌನ್‌ಲೋಡ್

ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿದ್ದನ್ನು ಯೂನಿಕೋಡ್‌ಗೆ ಬದಲಿಸುವ ಪುಟ್ಟ ತಂತ್ರಾಂಶವನ್ನು ಫಣೀಶನೂ ಬರೆದಿದ್ದ, ಲೋಹಿತನೂ ಬರೆದಿದ್ದ.

“ನಿಂದನ್ನ ನಿಮ್ಮನೆಯೋರೂ ಮುಟ್ಟಲ್ಲ ಕಣೋ. ನಂದು ಒಂಬತ್ತು ಸಾವಿರ ಡೌನ್‌ಲೋಡ್!” ಎಂದ ಫಣೀಶ.

ಲೋಹಿತ ಕೀಬೋರ್ಡ್ ಎತ್ತಿ ಅವನ ಮುಖಕ್ಕೆ ಬೀಸಿದ. ಎರಡು ಹಲ್ಲು ಉದುರಿದವು.

ಬಾಯಿಗೆ ಕರ್ಚೀಫು ಒತ್ತಿಕೊಂಡೇ ಫಣೀಶ ಪೊಲೀಸ್ ಠಾಣೆಯಲ್ಲಿ ದೂರು ಹೇಳಿದ. ರೈಟರ್ ಅದನ್ನು ನುಡಿಯಲ್ಲಿ ಟೈಪಿಸಿ, ಯೂನಿಕೋಡ್‌ಗೆ ಬದಲಿಸಲು ತಂತ್ರಾಂಶವೊಂದನ್ನು ತೆರೆದರು. ಅದರ ಮೇಲೆ ಲೋಹಿತನ ಹೆಸರಿತ್ತು.

“ಸಾರ್, ಬೇರೆ ಯಾವ್ದೂ ಇಲ್ವಾ?”

“ಜಿಲ್ಲೇಲಿ ಎಲ್ಲಾ ಸ್ಟೇಷನ್ನಲ್ಲೂ ಇದೇ ಕಣಪ್ಪ. ಬೇಗ ಸೈನ್ ಹಾಕಿ ಆಸ್ಪತ್ರೆಗೆ ಹೋಗು, ರಕ್ತ ಸುರೀತಿದೆ.”

ಫಣೀಶ ರೈಟರ್ ಪಕ್ಕದಲ್ಲಿದ್ದ ಲಾಠಿಯನ್ನೆತ್ತಿ ಠಾಣೆಯ ಕಂಪ್ಯೂಟರನ್ನು ಪುಡಿ ಮಾಡಿದ.